ಹಾಸನ, ಚಿಕ್ಕಮಗಳೂರಿನವರಿಗೆ ಎಲ್‌ಎಲ್‌ಬಿ ಮಾರ್ಗದರ್ಶಿ: ಫೀಸು ಕಟ್ಟುವ ಮೊದಲಿನಿಂದ ಸನ್ನದು ಕೈಗೆ ಬರುವವರೆಗೆ

ಲಾ ಓದು ಅರ್ಧಕ್ಕೆ ನಿಲ್ಲಿಸಿದವರನ್ನು ಕೇಳಿ ನೋಡಿ. ಪಾಠ ಕಷ್ಟವಾಯ್ತು ಅನ್ನುವವರು ಕಡಿಮೆ. ಹಾಜರಾತಿ ಸಾಲಲಿಲ್ಲ, ಅರ್ಹತೆ ಒಪ್ಪಲಿಲ್ಲ, ಮೈಗ್ರೇಷನ್ (ಹಳೇ ವಿಶ್ವವಿದ್ಯಾಲಯ ಬಿಟ್ಟು ಬೇರೆಯದಕ್ಕೆ ಸೇರಲು ಕೊಡುವ ಪತ್ರ) ಬರಲಿಲ್ಲ, ಇಂಟರ್ನ್‌ಶಿಪ್ ಡೈರಿ ಬರೆದಿರಲಿಲ್ಲ ಅನ್ನುವವರೇ ಜಾಸ್ತಿ. ಎಲ್ಲವೂ ಮೊದಲೇ ತಿಳಿದಿದ್ದರೆ ತಪ್ಪುತ್ತಿದ್ದ ಎಡವಟ್ಟುಗಳು. ಬಹಳ ಜನ ಕೆಲಸವನ್ನು ತಿರುಗಾಮುರುಗಾ ಮಾಡ್ತಾರೆ. ಮೊದಲು ಕಾಲೇಜು ಹಿಡೀತಾರೆ, ಫೀಸು ಕಟ್ಟುತ್ತಾರೆ, ಆಮೇಲೆ ತಾವು ಅರ್ಹರಾ ಅಂತ ವಿಚಾರಿಸ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಇಲ್ಲಿ ಹೇಳುವುದು ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ವಿಚಾರ. ಇದರ ಕೇಂದ್ರ ಹುಬ್ಬಳ್ಳಿಯ ನವನಗರದಲ್ಲಿದೆ. ಹಾಸನದ ಎಂ. ಕೃಷ್ಣ ಕಾನೂನು ಕಾಲೇಜು, ಹೊಳೆನರಸೀಪುರದ ಸರ್ಕಾರಿ ಕಾನೂನು ಕಾಲೇಜು ಇದರ ಅಡಿಯಲ್ಲೇ ಬರುತ್ತವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ದಾರಿ ಬೇರೆ. ಅಲ್ಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಕಡೆಯ ಕಾಲೇಜುಗಳಿಗೆ ಅದು ಬೇಡ.

## ಹಂತ 1: ಮೂರು ವರ್ಷದ್ದೋ ಐದು ವರ್ಷದ್ದೋ

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಅಂದರೆ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಥರದವು. ಒಟ್ಟು 10 ಸೆಮಿಸ್ಟರ್. ಯಾವುದಾದರೂ ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ, 6 ಸೆಮಿಸ್ಟರ್. ಪಿಯುಸಿಯಿಂದ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಒಂದು ವರ್ಷ ಉಳಿಯುತ್ತದೆ. ಈ ಒಂದು ವರ್ಷದ ಆಸೆಗೇ ತುಂಬಾ ಜನ ಐದು ವರ್ಷದ್ದಕ್ಕೆ ಸೇರುತ್ತಾರೆ.

ಇಲ್ಲೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಐದು ವರ್ಷದ ಕೋರ್ಸನ್ನು ಮಧ್ಯದಲ್ಲಿ ಬಿಟ್ಟು, ಮೂರು ವರ್ಷ ಆಗಿದೆ, ಬಿಎ ಆದರೂ ಕೊಡಿ ಅಂದರೆ ಸಿಗುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 2008ರ ಕಾನೂನು ಶಿಕ್ಷಣ ನಿಯಮಗಳು ಮಧ್ಯದಲ್ಲಿ ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಒಪ್ಪುವುದಿಲ್ಲ. ನಾಲ್ಕನೇ ವರ್ಷ ಬಿಟ್ಟು ಬಂದವರ ಕೈಯಲ್ಲಿ ಉಳಿಯುವುದು ಪಿಯುಸಿ ಮಾತ್ರ.

ನನ್ನ ಅಭಿಪ್ರಾಯ ಇಷ್ಟು. ಹುಡುಗನಿಗೋ ಹುಡುಗಿಗೋ ಕರಿಕೋಟು ಹಾಕುವ ಆಸೆ ನಿಜವಾಗಿ ಇದ್ದರೆ ಐದು ವರ್ಷದ್ದು ಸರಿ. ಮನೆಯವರ ಒತ್ತಾಯಕ್ಕೆ ಸೇರುತ್ತಿದ್ದರೆ, ಫೀಸಿನ ಬಗ್ಗೆ ಅನುಮಾನ ಇದ್ದರೆ, ಮೊದಲು ಊರಿನ ಕಾಲೇಜಿನಲ್ಲಿ ಒಂದು ಡಿಗ್ರಿ ಮುಗಿಸಿ. ಒಂದು ವರ್ಷ ಜಾಸ್ತಿ ಹೋದರೂ ಕೈ ಖಾಲಿ ಆಗುವುದಿಲ್ಲ.

## ಹಂತ 2: ನೀವು ಅರ್ಹರಾ, ಕಾಗದದ ಮೇಲೆ ನೋಡಿ

ಅಂಕದ ಮಿತಿ ಹೀಗಿದೆ: ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40. ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ, ಮೂರು ವರ್ಷದ್ದಕ್ಕೆ ಡಿಗ್ರಿ ಅಂಕ. ಡಿಗ್ರಿಯದ್ದು ಅಂದರೆ ಕೊನೆಯ ಸೆಮಿಸ್ಟರಿನದ್ದಲ್ಲ, ಎಲ್ಲ ಸೆಮಿಸ್ಟರ್ ಸೇರಿಸಿ ಬಂದದ್ದು. ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡ್ ಪಾಯಿಂಟ್ ಮಾತ್ರ ಇದ್ದರೆ ನಿಮ್ಮ ವಿಶ್ವವಿದ್ಯಾಲಯ ಹೇಳಿದ ಸೂತ್ರದಲ್ಲೇ ಅದನ್ನು ಶೇಕಡಕ್ಕೆ ತಿರುಗಿಸಬೇಕು. ಗೆಳೆಯ ಹೇಳಿದ ಲೆಕ್ಕ ನಡೆಯುವುದಿಲ್ಲ. ಮಿತಿಯ ಅಂಚಿನಲ್ಲಿ ಇದ್ದೀರಿ ಅನ್ನಿಸಿದರೆ ಕಾಲೇಜು ಕಚೇರಿಯಲ್ಲಿ ಲೆಕ್ಕ ಹಾಕಿಸಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಲ್ಲಿಯವರೆಗೆ ಫೀಸು ಬೇಡ.

ಅಂಕಕ್ಕಿಂತ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಪಿಯುಸಿ ಓದದೆ, ವಯಸ್ಸಿನ ಆಧಾರದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಡಿಗ್ರಿ ಮಾಡಿದವರು ಎಲ್‌ಎಲ್‌ಬಿಗೆ ಅರ್ಹರಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಸರಿಯಾಗಿ ಮುಗಿಸಿ ಆಮೇಲೆ ದೂರಶಿಕ್ಷಣದಲ್ಲಿ ಬಿಎ ಮಾಡಿದವರಿಗೆ ಈ ತೊಂದರೆ ಇಲ್ಲ. ಮೆಟ್ಟಿಲು ತಪ್ಪಿರಬಾರದು, ಅಷ್ಟೇ. ಇದನ್ನು ಮುಚ್ಚಿಟ್ಟು ಸೇರಿದರೂ ವಿಶ್ವವಿದ್ಯಾಲಯ ಅಡ್ಮಿಷನ್ ಅನುಮೋದಿಸುವಾಗ ಸಿಕ್ಕಿಬೀಳುತ್ತೀರಿ. ಅಲ್ಲಿ ತಪ್ಪಿಸಿಕೊಂಡರೂ ಸನ್ನದಿಗೆ, ಅಂದರೆ ವಕೀಲಿಕೆ ಮಾಡುವ ಪರವಾನಗಿಗೆ, ಅರ್ಜಿ ಹಾಕುವಾಗ ಎಲ್ಲ ಮಾರ್ಕ್ಸ್ ಕಾರ್ಡ್ ಮತ್ತೆ ತೆರೆಯುತ್ತಾರೆ.

ಒಂದೇ ಸಮಯಕ್ಕೆ ಎರಡು ರೆಗ್ಯುಲರ್ ಕೋರ್ಸು ಮಾಡುವಂತಿಲ್ಲ. ಬೆಳಿಗ್ಗೆ ಎಂಎ, ಮಧ್ಯಾಹ್ನ ಎಲ್‌ಎಲ್‌ಬಿ ಅನ್ನುವ ಲೆಕ್ಕಾಚಾರ ಬಿಡಿ.

ಕೆಲಸದಲ್ಲಿ ಇರುವವರು ಇದನ್ನು ಎರಡು ಸಲ ಓದಿ. 2024ರ ಸೆಪ್ಟೆಂಬರಿನಲ್ಲಿ ವಕೀಲರ ಪರಿಷತ್ತು ಎಲ್ಲ ಕಾನೂನು ಕಾಲೇಜುಗಳಿಗೆ ಸುತ್ತೋಲೆ ಕಳಿಸಿತು. ವಿದ್ಯಾರ್ಥಿಗಳು ತಮ್ಮ ಉದ್ಯೋಗ, ಬೇರೆ ಕೋರ್ಸು, ಕ್ರಿಮಿನಲ್ ಕೇಸು ಇದ್ದರೆ ಅದು, ಎಲ್ಲವನ್ನೂ ಘೋಷಿಸಬೇಕು. ಉದ್ಯೋಗಿಗಳು ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಬಯೋಮೆಟ್ರಿಕ್ ಹಾಜರಾತಿ, ಸಿಸಿಟಿವಿ ಕೂಡ ಅದೇ ಸುತ್ತೋಲೆಯಲ್ಲಿದೆ. ಇನ್ನೊಂದು ವಿಷಯ, ಸಂಬಳದ ಪೂರ್ಣಾವಧಿ ಕೆಲಸದಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ. ಡಿಗ್ರಿ ಪಡೆಯಬಹುದು, ಆದರೆ ಸನ್ನದು ಬೇಕಾದರೆ ಕೆಲಸ ಬಿಡಬೇಕು.

## ಹಂತ 3: ಕಾಲೇಜಿನ ಪೂರ್ವಾಪರ ನೋಡಿ

ಎರಡು ಕಾಗದ ಕೇಳಿ: ವಕೀಲರ ಪರಿಷತ್ತಿನ ಮಾನ್ಯತೆ ಪತ್ರ, ಕಾನೂನು ವಿಶ್ವವಿದ್ಯಾಲಯದ ಸಂಯೋಜನೆ ಪತ್ರ. ಎರಡೂ ನೀವು ಸೇರುವ ಕೋರ್ಸಿನ ಹೆಸರಿನಲ್ಲಿ, ನೀವು ಸೇರುವ ವರ್ಷಕ್ಕೆ ಅನ್ವಯವಾಗಬೇಕು. ಕಾಲೇಜಿನ ಮೂರು ವರ್ಷದ ಕೋರ್ಸಿಗೆ ಮಾನ್ಯತೆ ಇದ್ದು ಹೊಸದಾಗಿ ಶುರು ಮಾಡಿದ ಐದು ವರ್ಷದ್ದಕ್ಕೆ ಇಲ್ಲದೇ ಇರಬಹುದು. ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ ಹಳೇ ಪತ್ರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ತಾರೀಖು ಓದಿ. ವಕೀಲರ ಪರಿಷತ್ತಿನ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಇದೆ, ಅದರಲ್ಲೂ ತಾಳೆ ನೋಡಿ.

2025ರ ಆಗಸ್ಟಿನಲ್ಲಿ ಪರಿಷತ್ತು ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿದೆ. ಇರುವ ಕಾಲೇಜುಗಳೂ ಅನುಮತಿ ಇಲ್ಲದೆ ಹೊಸ ವಿಭಾಗ, ಹೊಸ ಕೋರ್ಸು ತೆರೆಯುವಂತಿಲ್ಲ. ಹಾಗಾಗಿ ‘ಈ ವರ್ಷದಿಂದ ಹೊಸದಾಗಿ ಶುರು’ ಅನ್ನುವ ಬ್ಯಾನರ್ ಕಂಡರೆ ಹುಷಾರು.

ಅಪಾಯದ ಸುಳಿವು ಮಾತಿನಲ್ಲೇ ಸಿಗುತ್ತದೆ. ‘ಕ್ಲಾಸಿಗೆ ಬರದಿದ್ದರೂ ನಡೆಯುತ್ತೆ, ಅಟೆಂಡೆನ್ಸ್ ನಾವು ನೋಡ್ಕೋತೀವಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ‘ಭಾನುವಾರ ಮಾತ್ರ ಕ್ಲಾಸು’ ಅನ್ನುವುದೂ ಅದೇ ಜಾತಿ. ನಿಯಮದಂತೆ ಮೂರು ವರ್ಷದ ಕೋರ್ಸಿನ ಒಂದು ಸೆಮಿಸ್ಟರ್ ಕನಿಷ್ಠ 15 ವಾರ ನಡೆಯಬೇಕು, ವಾರಕ್ಕೆ 30 ಗಂಟೆ ತರಗತಿ ಇರಬೇಕು. ಭಾನುವಾರಕ್ಕೆ ಅಷ್ಟು ಗಂಟೆ ಎಲ್ಲಿಂದ ತರ್ತಾರೆ ಅಲ್ವಾ?

ಒಂದು ಮಾಮೂಲಿ ದಿನ ಬೆಳಿಗ್ಗೆ ಹತ್ತೂವರೆಗೆ ಸುಮ್ನೆ ಕಾಲೇಜಿನೊಳಗೆ ಒಂದು ಸುತ್ತು ಹಾಕಿ. ತರಗತಿಯಲ್ಲಿ ಜನ ಇದ್ದಾರಾ? ಗ್ರಂಥಾಲಯದ ಮೇಜಿನ ಮೇಲೆ ಈ ತಿಂಗಳ ಕಾನೂನು ಪತ್ರಿಕೆ ಇದೆಯಾ, ಅಥವಾ ಬೀರುವಿಗೆ ಬೀಗ ಹಾಕಿದೆಯಾ? ಪ್ರಾಸ್ಪೆಕ್ಟಸ್ ಹೇಳದ್ದನ್ನು ಈ ಅರ್ಧ ಗಂಟೆ ಹೇಳುತ್ತದೆ.

## ಹಂತ 4: ದಾಖಲೆಗಳನ್ನು ಒಂದೇ ಫೈಲಿಗೆ ತನ್ನಿ

ಬೇಕಾದವು: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಅಥವಾ ಘಟಿಕೋತ್ಸವದ ಪ್ರಮಾಣಪತ್ರ, ಟಿಸಿ, ಮೈಗ್ರೇಷನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ. ಎಲ್ಲದರ ಮೂರು ಮೂರು ಜೆರಾಕ್ಸ್ ಮಾಡಿಸಿ, ಒಂದು ಸ್ಕ್ಯಾನ್ ಪ್ರತಿ ಫೋನಿನಲ್ಲಿ ಇಟ್ಟುಕೊಳ್ಳಿ. ಮೂಲ ದಾಖಲೆಗಳನ್ನು ಕಾಲೇಜಿಗೆ ಕೊಟ್ಟರೆ ಏನೇನು ಕೊಟ್ಟಿರಿ ಅಂತ ಪಟ್ಟಿ ಬರೆಸಿ ಸಹಿ ತೆಗೆದುಕೊಳ್ಳಿ.

ಮೈಗ್ರೇಷನ್ ವಿಚಾರದಲ್ಲಿ ತಡ ಮಾಡಬೇಡಿ. ಎಲ್‌ಎಲ್‌ಬಿ ಕೊಡುವುದು ಬೇರೆ ವಿಶ್ವವಿದ್ಯಾಲಯ ಆದ್ದರಿಂದ ಡಿಗ್ರಿ ಮುಗಿಸಿ ಬರುವವರಿಗೆ ಇದು ಬೇಕಾಗುತ್ತದೆ. ಚಿಕ್ಕಮಗಳೂರು ಕಡೆಯವರ ಡಿಗ್ರಿ ಸಾಮಾನ್ಯವಾಗಿ ಕುವೆಂಪು ವಿಶ್ವವಿದ್ಯಾಲಯದ್ದು, ಅಂದರೆ ಶಂಕರಘಟ್ಟಕ್ಕೆ ಅರ್ಜಿ. ಹಾಸನದ ಹಳಬರದ್ದು ಮೈಸೂರು ವಿಶ್ವವಿದ್ಯಾಲಯ. ‘ಆಮೇಲೆ ಕೊಡ್ತೀನಿ’ ಅಂತ ಮುಚ್ಚಳಿಕೆ ಬರೆದುಕೊಟ್ಟು ಸೇರಿ, ಪರೀಕ್ಷೆ ಅರ್ಜಿ ತುಂಬುವ ವಾರದಲ್ಲಿ ಶಂಕರಘಟ್ಟದ ಬಸ್ಸು ಹತ್ತುವವರು ಪ್ರತಿ ವರ್ಷ ಇದ್ದಾರೆ.

ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಡಿಗ್ರಿಯಲ್ಲಿ ಅಪ್ಪನ ಪೂರ್ತಿ ಹೆಸರು, ಹೀಗೆ ಇದ್ದರೆ ಈಗಲೇ ಎಸ್ಸೆಸ್ಸೆಲ್ಸಿಗೆ ಸರಿಯಾಗಿ ಆಧಾರ್ ತಿದ್ದಿಸಿ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಹಳೆಯದು ಇನ್ನೂ ನಡೆಯುತ್ತದಾ ಅಂತ ತಾರೀಖು ನೋಡಿಕೊಳ್ಳಿ.

## ಹಂತ 5: ಫೀಸು, ಸ್ಕಾಲರ್‌ಶಿಪ್

ಇದು ಚಿಕ್ಕ ಹಂತ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನ ರಸೀದಿ ಇರಬೇಕು. ಟ್ಯೂಷನ್ ಫೀಸು, ವಿಶ್ವವಿದ್ಯಾಲಯದ ಫೀಸು, ಪರೀಕ್ಷಾ ಫೀಸು ಬೇರೆ ಬೇರೆ ತೋರಿಸಿ ಮೂರೂ ವರ್ಷದ್ದನ್ನು ಬರೆದುಕೊಡಿ ಅಂತ ಕೇಳಿ.

ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಹಣ ಮಂಜೂರಾದರೂ ಬರುವುದಿಲ್ಲ, ಮೊದಲು ಅದನ್ನು ಮಾಡಿಸಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಎಲ್‌ಎಲ್‌ಬಿಗೆ ನಿಗದಿಯಾದ ಮೊತ್ತ ವರ್ಷಕ್ಕೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ. ಅದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನ ಜಮೀನು ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ನೋಂದಣಿ ಆಗಿರಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಅಲ್ಲೇ ಗಂಟು ಬೀಳುತ್ತದೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

## ಹಂತ 6: ಹಾಜರಾತಿ, ಎಲ್ಲರೂ ಬೀಳುವ ಗುಂಡಿ

ನಿಯಮ ಹೀಗಿದೆ: ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಬೇಕು. ವಿಶೇಷ ಕಾರಣ ಇದ್ದರೆ ಒಂದು ವಿಷಯದಲ್ಲಿ ಶೇ. 65ರವರೆಗೆ ವಿನಾಯಿತಿ ಕೊಡಬಹುದು, ಆದರೆ ಆಗಲೂ ಎಲ್ಲ ವಿಷಯ ಸೇರಿ ಶೇ. 70 ಇರಲೇಬೇಕು. ಅದಕ್ಕಿಂತ ಕಡಿಮೆ ಆದರೆ ಆ ಪರೀಕ್ಷೆ ಬರೆಯುವಂತಿಲ್ಲ.

‘ಪ್ರತಿ ವಿಷಯದಲ್ಲೂ’ ಅನ್ನುವ ಕಡೆ ಜನ ಮುಗ್ಗರಿಸುತ್ತಾರೆ. ಒಂದು ಲೆಕ್ಕ ನೋಡಿ. ಕರಾರು ಕಾನೂನಿಗೆ ವಾರಕ್ಕೆ 4 ತರಗತಿ, 15 ವಾರಕ್ಕೆ 60. ಬೇಕಾದ್ದು 42, ತಪ್ಪಿಸಬಹುದಾದ್ದು 18. ಈಗ ಆ ನಾಲ್ಕರಲ್ಲಿ ಎರಡು ತರಗತಿ ಸೋಮವಾರ ಇವೆ ಅಂತಿಟ್ಟುಕೊಳ್ಳಿ. ಊರಿಗೆ ಹೋದವರು ಪ್ರತಿ ಸೋಮವಾರ ತಪ್ಪಿಸಿದರೆ 30 ತರಗತಿ ಹೋಯಿತು, ಆ ವಿಷಯದಲ್ಲಿ ಉಳಿದದ್ದು ಶೇ. 50. ವಾರಕ್ಕೆ ಐದು ದಿನ ಬರ್ತೀನಲ್ಲ, ಒಟ್ಟು ಶೇ. 80 ದಾಟಿದೆ ಅಂತ ಅವರು ನಿಶ್ಚಿಂತೆಯಿಂದ ಇರ್ತಾರೆ. ಹಾಲ್ ಟಿಕೆಟ್ ದಿನ ಒಂದೇ ವಿಷಯಕ್ಕೆ ತಡೆ. ಟೈಮ್ ಟೇಬಲ್ ಬಂದ ದಿನವೇ ಯಾವ ವಿಷಯ ಯಾವ ದಿನ ಗುಂಪಾಗಿದೆ ಅಂತ ಗುರುತು ಹಾಕಿಕೊಳ್ಳಿ.

ನಮ್ಮ ಎರಡು ಜಿಲ್ಲೆಯವರಿಗೆ ಇನ್ನೂ ಎರಡು ಕಷ್ಟ ಇದೆ. ಮೊದಲನೆಯದು ಕಾಫಿ ಕೊಯ್ಲು. ಅರೇಬಿಕಾ ನವೆಂಬರ್‌ನಿಂದ ಶುರು, ರೊಬಸ್ಟಾ ಜನವರಿ ದಾಟಿ ಫೆಬ್ರವರಿ, ಮಾರ್ಚ್‌ವರೆಗೂ. ಆಳು ಸಿಗದಾಗ ಮನೆಯಲ್ಲಿ ಓದುವ ಮಕ್ಕಳನ್ನೇ ಕಣಕ್ಕೆ ಕರೀತಾರೆ. 18 ತರಗತಿಯ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಿ, ಕೊಯ್ಲಿಗೆ ಅಂತಲೇ ಒಂದಿಷ್ಟು ದಿನ ಉಳಿಸಿ. ಸೆಮಿಸ್ಟರ್ ಶುರುವಿನಲ್ಲೇ ಮದುವೆ, ಜಾತ್ರೆ ಅಂತ ಖರ್ಚು ಮಾಡಿಕೊಂಡರೆ ಕೊಯ್ಲಿಗೆ ಏನೂ ಉಳಿಯುವುದಿಲ್ಲ.

ಎರಡನೆಯದು ಮಳೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಜುಲೈ, ಆಗಸ್ಟ್ ತಿಂಗಳಲ್ಲಿ ಮೊದಲ ತರಗತಿ ಸಿಗುವುದೇ ಕಷ್ಟ. ಆ ಎರಡು ತಿಂಗಳಾದರೂ ಹಾಸ್ಟೆಲ್, ಇಲ್ಲಾ ಪಟ್ಟಣದ ಬಂಧುಗಳ ಮನೆ ನೋಡಿಕೊಳ್ಳುವುದು ವಾಸಿ. ಮೊದಲ ತರಗತಿ ಯಾವ ವಿಷಯದ್ದು ಅಂತ ನೋಡಿ, ಪೆಟ್ಟು ಬೀಳುವುದು ಅದಕ್ಕೇ.

ತಿಂಗಳಿಗೊಮ್ಮೆ ಕಚೇರಿಯಲ್ಲಿ ವಿಷಯವಾರು ಹಾಜರಾತಿ ಕೇಳಿ ಬರೆದಿಟ್ಟುಕೊಳ್ಳಿ. ಜ್ವರ ಬಂದರೆ ಆಸ್ಪತ್ರೆ ಚೀಟಿಯನ್ನು ಅದೇ ವಾರ ಅರ್ಜಿ ಜೊತೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸೆಮಿಸ್ಟರ್ ಕೊನೆಯಲ್ಲಿ ತಂದ ಮೆಡಿಕಲ್ ಸರ್ಟಿಫಿಕೇಟನ್ನು ಯಾರೂ ನಂಬುವುದಿಲ್ಲ. ನಂಬದಿರುವುದು ಸರಿಯೂ ಹೌದು.

## ಹಂತ 7: ಪುಸ್ತಕ, ಭಾಷೆ, ಪರೀಕ್ಷೆ

ಸೀನಿಯರ್‌ಗಳಿಂದ ಹಳೇ ಪುಸ್ತಕ ತೆಗೆದುಕೊಳ್ಳುವಾಗ ಎಚ್ಚರ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ ಕೂಡ ಬದಲಾಗಿವೆ. ಕೊಲೆಗೆ 302ನೇ ಕಲಂ ಅಂತ ಬರೆದರೆ ಅದು ಹಳೆಯದು, ಈಗ 103. ಆದರೆ ಆ ತಾರೀಖಿಗೆ ಮೊದಲು ನಡೆದ ಅಪರಾಧಗಳಿಗೆ ಹಳೇ ಸಂಹಿತೆಯೇ ಅನ್ವಯ, ಕೋರ್ಟಿನಲ್ಲಿ ಇನ್ನೂ ಅಂಥ ಕೇಸುಗಳು ರಾಶಿ ಇವೆ. ಹಾಗಾಗಿ ಎರಡರ ಪರಿಚಯವೂ ಬೇಕು. ಕರಾರು ಕಾನೂನು 1872ರದ್ದೇ, ಅದರ ಹಳೇ ಪುಸ್ತಕ ನಡೆಯುತ್ತದೆ.

ಗೈಡಿಗಿಂತ ಮೊದಲು ಬೇರ್ ಆ್ಯಕ್ಟ್, ಅಂದರೆ ಕಾನೂನಿನ ಮೂಲ ಪಾಠ ಮಾತ್ರ ಇರುವ ಪುಸ್ತಕ ಕೊಳ್ಳಿ. ಕಲಂ ಓದಿ, ಅದರ ಕೆಳಗಿನ ಉದಾಹರಣೆ ಓದಿ, ಆಮೇಲೆ ಗೈಡು. ಉಲ್ಟಾ ಮಾಡಿದವರಿಗೆ ಪರೀಕ್ಷೆಯ ಸಮಸ್ಯಾ ಪ್ರಶ್ನೆ ಬಂದಾಗ ಪೆನ್ನು ಓಡುವುದಿಲ್ಲ.

ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡ ಮಾಧ್ಯಮದಿಂದ ಬಂದವರು ಈ ವಿಷಯದಲ್ಲಿ ಅಂಜಬೇಕಿಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ದಾವೆ, ಸಾಕ್ಷಿ, ವಾದ ಕನ್ನಡದಲ್ಲೂ ನಡೆಯುತ್ತದೆ. ಆದರೆ ಹೈಕೋರ್ಟಿನ ತೀರ್ಪುಗಳು ಇಂಗ್ಲಿಷಿನಲ್ಲಿ ಇರುವುದರಿಂದ ವಾರಕ್ಕೊಂದು ತೀರ್ಪನ್ನಾದರೂ ನಿಘಂಟು ಪಕ್ಕದಲ್ಲಿ ಇಟ್ಟುಕೊಂಡು ಓದುವ ಅಭ್ಯಾಸ ಮೊದಲ ವರ್ಷವೇ ಶುರು ಮಾಡಿ.

## ಹಂತ 8: ಇಂಟರ್ನ್‌ಶಿಪ್, ಮೂಟ್ ಕೋರ್ಟ್, ಡೈರಿ

ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದು ಶೈಕ್ಷಣಿಕ ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಅಂದರೆ ಮೂರು ವರ್ಷದವರು ಪ್ರತಿ ವರ್ಷ ನಾಲ್ಕು ವಾರ ಅಂತ ಹಂಚಿಕೊಳ್ಳಬೇಕು. ಕೊನೇ ವರ್ಷ ಒಟ್ಟಿಗೆ ಮುಗಿಸ್ತೀನಿ ಅನ್ನುವುದು ನಡೆಯದ ಮಾತು.

ಜಾಗಕ್ಕೆ ಬೆಂಗಳೂರೇ ಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನ ಹಿರಿಯ ವಕೀಲರ ಕಚೇರಿ, ಸ್ಥಳೀಯ ಸಂಸ್ಥೆ, ಎಲ್ಲವೂ ಆಗುತ್ತದೆ. ನನ್ನನ್ನು ಕೇಳಿದರೆ ಮೊದಲ ನಾಲ್ಕು ವಾರ ತಾಲ್ಲೂಕು ಕೋರ್ಟಿನಲ್ಲೇ ಕಳೆಯಿರಿ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಪಾಲು ದಾವೆ, ಒತ್ತುವರಿ, ಪೋಡಿ, ದಾರಿ ತಕರಾರು, ಬಗರ್‌ಹುಕುಂ ಎಲ್ಲ ಒಂದೇ ಕಚೇರಿಯ ಬೆಂಚಿನ ಮೇಲೆ ಬಂದು ಕೂರುತ್ತವೆ. ಕಕ್ಷಿದಾರ ಚೀಲದಿಂದ ಮಡಚಿದ ಪಹಣಿ ತೆಗೆದು ಮೇಜಿನ ಮೇಲೆ ಹರವಿದಾಗ 9ನೇ ಕಾಲಂ, 11ನೇ ಕಾಲಂ ಏನು ಹೇಳುತ್ತವೆ ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೊನೆಯ ವರ್ಷದ ಪ್ರಾಯೋಗಿಕ ಪತ್ರಿಕೆಗೆ ವಕೀಲರ ಪರಿಷತ್ತು ಹಾಕಿದ ಚೌಕಟ್ಟು ಇದು: ಮೂರು ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯದಲ್ಲಿ ವಾದ ಮಾಡುವುದು) 30 ಅಂಕ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆದ ವರದಿಗೆ 30, ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣೆಗೆ ಮುಂಚಿನ ತಯಾರಿಯ ದಾಖಲೆಗೆ 30, ಮೌಖಿಕ ಪರೀಕ್ಷೆಗೆ 10.

ವಿಚಾರಣೆ ನೋಡುವಾಗ ಆಗುವ ತಪ್ಪು ಒಂದೇ: ಯಾವ ಕೇಸು ಅಂತ ಆರಿಸದೆ ಹೋಗಿ ಕೂರುವುದು. ಆ ದಿನ ಬರೀ ವಾಯಿದೆ ಕೊಟ್ಟು ಮುಗಿಯುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದಿನದ ಕೇಸು ಪಟ್ಟಿ ಸಿಗುತ್ತದೆ. ಸಾಕ್ಷಿ ಹಂತಕ್ಕೆ ಬಂದಿರುವ ಕೇಸನ್ನು ಹುಡುಕಿ, ಅದರ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಅದೇ ಕೇಸಿನ ಪ್ರತಿ ವಾಯಿದೆಗೂ ಹೋಗಿ. ಡೈರಿಯಲ್ಲಿ ತಾರೀಖು, ನ್ಯಾಯಾಲಯ, ಕೇಸಿನ ಹಂತ, ಪಾಟೀಸವಾಲಿನಲ್ಲಿ ಕೇಳಿದ ಎರಡು ಮೂರು ಪ್ರಶ್ನೆ, ಅದರ ಉದ್ದೇಶ ಏನಿತ್ತು ಅನ್ನಿಸಿತು, ಇಷ್ಟು ಅದೇ ಸಂಜೆ ಬರೆಯಿರಿ. ಗೆಳೆಯನ ಡೈರಿ ನೋಡಿ ನಕಲು ಮಾಡಿದವರು ಮೌಖಿಕದಲ್ಲಿ ‘ಸಾಕ್ಷಿ ಗಂಡಸಾ ಹೆಂಗಸಾ’ ಅನ್ನುವ ಪ್ರಶ್ನೆಗೇ ತಡವರಿಸುತ್ತಾರೆ.

## ಹಂತ 9: ಸನ್ನದು ಮತ್ತು ಎಐಬಿಇ

ಡಿಗ್ರಿ ಕೈಗೆ ಬಂದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ, ಸ್ಟಾಂಪ್ ಡ್ಯೂಟಿ ಇದ್ದರೆ ಅದು ಬೇರೆ. ಸನ್ನದು ಮಾಡಿಸಿಕೊಡ್ತೀನಿ ಅಂತ ಹತ್ತಾರು ಸಾವಿರ ಕೇಳುವ ಮಧ್ಯವರ್ತಿಗಳಿಗೆ ಈ ಸಾಲನ್ನು ತೋರಿಸಿ.

ಮೊದಲು ಸಿಗುವುದು ತಾತ್ಕಾಲಿಕ ಸನ್ನದು. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ, ಅಂದರೆ ಎಐಬಿಇ ಪಾಸಾಗಬೇಕು. 100 ಬಹು ಆಯ್ಕೆ ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಕನ್ನಡದಲ್ಲೂ ಬರೆಯಬಹುದು. ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40 ಬಂದರೆ ಪಾಸು.

ಸಿವಿಲ್ ಜಡ್ಜ್ ಕನಸು ಇರುವವರು ನೋಂದಣಿಯನ್ನು ಮುಂದೂಡಬೇಡಿ. ಆ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿತು, ಆ ಅವಧಿ ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕಕ್ಕೆ ಬರುತ್ತದೆ.

ಎಐಬಿಇ ಹಾಲ್‌ಗೆ ಬೇರ್ ಆ್ಯಕ್ಟ್ ಒಯ್ಯಲು ಬಿಡುತ್ತಾರೆ, ಆದರೆ ಅದರಲ್ಲಿ ಟಿಪ್ಪಣಿ ಇರುವಂತಿಲ್ಲ. ಮೂರು ವರ್ಷ ಪೆನ್ಸಿಲ್‌ನಲ್ಲಿ ಗೀಚಿದ ನಿಮ್ಮ ಪ್ರತಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಖಾಲಿ ಇರುವ ಇನ್ನೊಂದು ಪ್ರತಿಯನ್ನು ಮೊದಲೇ ಕೊಂಡಿಟ್ಟುಕೊಳ್ಳಿ.